ಅತ್ತೆ ಒಂದನ್ನು ಒತ್ತಿದ ದಿನ

ಕೆಲವರ ಬಾಯಿಗೆ "ಆಗಲ್ಲ" ಅನ್ನುವ ಮಾತು ಬರುವುದೇ ಇಲ್ಲ. ಬಂದಿದ್ದರೆ ಅವರೂ ನೆಮ್ಮದಿಯಾಗಿರುತ್ತಿದ್ದರು, ಅವರ ಸುತ್ತಲಿನವರೂ ಉಸಿರಾಡಿಕೊಂಡಿರುತ್ತಿದ್ದರು. ನಮ್ಮ ಪಕ್ಕಣ್ಣ ಆ ಪೈಕಿಯವನು. ಹೆತ್ತವರು ಇಟ್ಟ ಹೆಸರು ಅವನ ಸಂಬಳದ ಚೀಟಿಯ ಮೇಲೆ ಮಾತ್ರ ಉಳಿದಿತ್ತು. ಯಾರು ಏನು ಕೇಳಿದರೂ "ಪಕ್ಕಾ ಸರ್", "ಪಕ್ಕಾ ಆಗತ್ತೆ", "ಆಯ್ತು ಅಂತಲೇ ಇಟ್ಕೊಳ್ಳಿ, ಪಕ್ಕಾ" ಅನ್ನುತ್ತಿದ್ದವನನ್ನು ಜನ ಇನ್ನೇನೆಂದು ಕರೆಯಬೇಕು ಹೇಳಿ.

ಅವನ ಕೆಲಸ ಅಲಾರಂ ಕಂಟ್ರೋಲ್ ರೂಮಿನಲ್ಲಿ. ಊರಿನ ಅಂಗಡಿ, ಗೋದಾಮು, ಮನೆಗಳಲ್ಲಿ ಕೂರಿಸಿದ ಕಳ್ಳಗಂಟೆಗಳೆಲ್ಲ ತಮ್ಮ ಗೋಳನ್ನು ತಂತಿಯ ಮೂಲಕ ಇಲ್ಲಿಗೆ ಬಂದು ತೋಡಿಕೊಳ್ಳುತ್ತವೆ. ಗೋಡೆ ತುಂಬ ಪರದೆಗಳು, ಮೇಜಿಗೊಂದು ಹೆಡ್‌ಫೋನು, ಹೆಡ್‌ಫೋನಿಗೊಬ್ಬ ಮನುಷ್ಯ. ಯಾವುದಾದರೂ ಹೆಸರು ಕೆಂಪಗಾದ ಕೂಡಲೇ ಆ ಮನುಷ್ಯ ಮಾಲೀಕರಿಗೆ ಫೋನ್ ಮಾಡಿ "ಎಲ್ಲ ಸರಿ ಇದೆಯಾ?" ಎಂದು ಕೇಳಬೇಕು. ಅವರು ಎತ್ತದಿದ್ದರೆ ಇನ್ನೊಂದು ಕೀಲಿ ಇಟ್ಟುಕೊಂಡವರಿಗೆ, ಅವರೂ ಇಲ್ಲದಿದ್ದರೆ ಗಸ್ತಿನ ಜೀಪಿಗೆ, ಕೊನೆಗೆ ಪೊಲೀಸ್ ಠಾಣೆಗೆ. ಕೇಳಲು ಘನವಾದ ಕೆಲಸ. ಆದರೆ ಕಳ್ಳ ಬಂದು ಅಲಾರಂ ಆಗುವುದು ತೀರಾ ಅಪರೂಪ. ಸಾಮಾನ್ಯವಾಗಿ ಬರುವುದು ಹಲ್ಲಿ, ಪಾರಿವಾಳ, ಗಾಳಿಗೆ ಅಲುಗುವ ಪರದೆ, ಇಲ್ಲವೇ ತನ್ನ ಅಂಗಡಿಯನ್ನೇ ತೆರೆದು ಅಲಾರಂ ಆರಿಸಲು ಮರೆತ ಸಾಕ್ಷಾತ್ ಮಾಲೀಕ.

ಒಂದು ಸೋಮವಾರ ಮ್ಯಾನೇಜರ್ ಮುಖ ಗಂಟಿಕ್ಕಿಕೊಂಡು ಬಂದರು.

"ನೋಡಿ, ಇನ್ನು ಇದೆಲ್ಲ ಮಷೀನೇ ಮಾಡಬೇಕಂತೆ. ಅಲಾರಂ ಬಂದ್ರೆ ಮಷೀನೇ ಫೋನ್ ಮಾಡತ್ತೆ, ಮಷೀನೇ ಕೇಳತ್ತೆ, ಮಷೀನೇ ಜೀಪು ಕಳಿಸತ್ತೆ. ಶನಿವಾರ ಅಂಗಡಿಯವರ ಸಂಘದ ಅಧ್ಯಕ್ಷೆ ನೋಡೋಕೆ ಬರ್ತಾರೆ. ಅವರಿಗೆ ಹಿಡಿಸಿದ್ರೆ ಸಂಘದ ಅಷ್ಟೂ ಅಂಗಡಿ ನಮ್ಮದು. ಹಿಡಿಸದಿದ್ರೆ ಈ ರೂಮಿಗೆ ಬೀಗ. ಕೆಲಸ ಎಲ್ಲ ಬೇರೆ ಊರಿನ ಕಂಪನಿಗೆ ಹೋಗತ್ತೆ, ನಾವು ನೀವು ಮನೆಗೆ. ಇದನ್ನ ಹೊಂದಿಸೋಕೆ ಯಾರಿಗಾದ್ರೂ ಬರತ್ತಾ?"

ಯಾರಿಗೂ ಬರುತ್ತಿರಲಿಲ್ಲ. ಪಕ್ಕಣ್ಣನಿಗೂ ಬರುತ್ತಿರಲಿಲ್ಲ. ವ್ಯತ್ಯಾಸ ಇಷ್ಟೇ, ಮಿಕ್ಕವರು ನೆಲ ನೋಡಿದರು.

"ಪಕ್ಕಾ ಸರ್!" ಎಂದಿತು ಒಂದು ಧ್ವನಿ. ತನ್ನದೇ ಧ್ವನಿ ಎಂದು ಪಕ್ಕಣ್ಣನಿಗೆ ಆಮೇಲೆ ಗೊತ್ತಾಯಿತು.

ಆದರೆ ಒಂದು ಮಾತು ಹೇಳಲೇಬೇಕು. ಬಾಯಿ ತಪ್ಪಿ ಒಪ್ಪಿಕೊಂಡರೂ ಅವನು ಹಿಡಿದ ಹಟ ಬಿಡುವ ಆಸಾಮಿಯಲ್ಲ. ಕುರ್ಚಿ ಎಳೆದುಕೊಂಡು ಕೂತವನು ಊಟಕ್ಕೂ ಏಳಲಿಲ್ಲ. ಪರದೆಯ ಮೇಲೆ ಚೌಕ ಚೌಕ ಮನೆಗಳನ್ನು ಬಿಡಿಸಿ, ಒಂದರಿಂದ ಇನ್ನೊಂದಕ್ಕೆ ಬಾಣ ಎಳೆಯುವುದು, ಹೀಗಾದರೆ ಈ ಕಡೆ, ಹಾಗಾದರೆ ಆ ಕಡೆ. ಮಾರನೆಯ ದಿನ ಬೆಳಿಗ್ಗೆಯ ಹೊತ್ತಿಗೆ ಪರದೆ ಜಾಲಿ ಮುಳ್ಳಿನ ಪೊದೆಯಂತಾಗಿತ್ತು. ಪಕ್ಕದ ಮೇಜಿನ ಆಪರೇಟರಮ್ಮ ಇಣುಕಿ ನೋಡಿ, "ಇದರೊಳಗೆ ಕಳ್ಳ ಬಿದ್ರೆ ಅವನೇ ಕಾಪಾಡಿ ಅಂತ ಕೂಗ್ತಾನೆ ಬಿಡಿ" ಅಂದಳು.

ಇನ್ನು ಬೇಕಾಗಿದ್ದು ಮಷೀನಿಗೊಂದು ಧ್ವನಿ. ಹೊರಗಿನವರನ್ನು ಕರೆಸಲು ಮ್ಯಾನೇಜರ್ ಒಪ್ಪಲಿಲ್ಲ. ಪಕ್ಕಣ್ಣನಿಗೆ ಒಳಗೊಳಗೇ ಖುಷಿಯಾಯಿತು. ತನ್ನ ಧ್ವನಿಯ ಬಗ್ಗೆ ಅವನಿಗೆ ಮೊದಲಿನಿಂದಲೂ ಒಂದು ಗುಮಾನಿ ಇತ್ತು, ಅದು ಒಳ್ಳೆಯ ಧ್ವನಿ ಎಂದು. ಗಾರ್ಡುಗಳ ಕೋಟು ನೇತು ಹಾಕುವ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಕೋಟುಗಳ ನಡುವೆ ತಲೆ ತೂರಿಸಿ, ಗಂಟಲು ಸರಿಮಾಡಿಕೊಂಡು ಅವನು ಮುದ್ರಿಸಿದ್ದು ಹೀಗೆ:

"ಮಾನ್ಯ ಗ್ರಾಹಕರೇ, ನಮಸ್ಕಾರ. ತಮ್ಮ ನಿವಾಸದಲ್ಲಿ ಅಪಾಯದ ಸೂಚನೆ ದೊರೆತಿದೆ. ತಾವು ಸುರಕ್ಷಿತವಾಗಿದ್ದಲ್ಲಿ ದಯವಿಟ್ಟು ಒಂದನ್ನು ಒತ್ತಿರಿ."

ಮನುಷ್ಯಮಾತ್ರದವರು ಹೀಗೆ ಮಾತಾಡುವುದನ್ನು ಅವನು ಎಲ್ಲಿ ಕೇಳಿದ್ದನೋ ದೇವರಿಗೇ ಗೊತ್ತು. ಅವನಿಗಂತೂ ಬಹಳ ಹಿಡಿಸಿತು. ಎಷ್ಟು ಹಿಡಿಸಿತೆಂದರೆ, ಫೋನು ಹೋಗುವ ಎಲ್ಲ ಕಡೆಗೂ ಅದನ್ನೇ ಹಾಕಿಬಿಟ್ಟ.

ಪರೀಕ್ಷೆಗೆ ಒಂದು ಮನೆ ಬೇಕಲ್ಲ? ಯಾವ ಗ್ರಾಹಕ ಒಪ್ಪುತ್ತಾನೆ? ಪಕ್ಕಣ್ಣ ಸ್ಟೋರಿನಿಂದ ಒಂದು ಹಳೆಯ ಸೆನ್ಸರ್ ತಂದು ತನ್ನ ಮನೆಯ ಹಜಾರದ ಮೂಲೆಗೇ ಹೊಡೆದ. ಕೂಗುವ ಹಾರನ್ ಬಿಚ್ಚಿಟ್ಟ. ಹಜಾರದಲ್ಲಿ ಯಾರಾದರೂ ಓಡಾಡಿದರೆ ಸದ್ದಿಲ್ಲದೆ ಕಂಟ್ರೋಲ್ ರೂಮಿಗೆ ಸುದ್ದಿ ಮುಟ್ಟುತ್ತದೆ, ಅಷ್ಟೆ. ಹಗಲು ಹೊತ್ತು ಮನೆಯಲ್ಲಿರುವುದು ಸೋದರತ್ತೆ ಒಬ್ಬಳೇ. ತಂದೆಯ ಅಕ್ಕ. ತಾಯಿಯಿಲ್ಲದ ಪಕ್ಕಣ್ಣನನ್ನು ಕೂಸಿನಿಂದ ಬೆಳೆಸಿದವಳು, ತಿನ್ನಿಸಿದ್ದಕ್ಕಿಂತ ಬೈದದ್ದೇ ಜಾಸ್ತಿ. ಮೊದಲ ಫೋನು ಅತ್ತೆಗೆ. ಎರಡನೆಯದು ಮೇಲಿನ ಮನೆಯ ಟೈಲರಿಗೆ, ಅವನ ಹತ್ತಿರ ಇನ್ನೊಂದು ಕೀಲಿ ಇತ್ತು. ಮೂರನೆಯದು ಹೆಂಡತಿಯ ತಮ್ಮನಿಗೆ, ಅವನು ಡ್ರೈವಿಂಗ್ ಕಲಿಸುವವನು. ಕೊನೆಗೆ ಠಾಣೆ. ಠಾಣೆಯ ಚೌಕದಲ್ಲಿ "ಇದು ಬರೀ ಪರೀಕ್ಷೆ" ಎಂದು ಗುರುತು ಹಾಕಬೇಕಿತ್ತು. ಪಕ್ಕಣ್ಣ ಮೊದಲ ಚೌಕದಲ್ಲಿ ಹಾಕಿದ್ದ, ಒಂದು ಕಡೆ ಹಾಕಿದರೆ ಎಲ್ಲ ಕಡೆ ಬಿದ್ದಂತೆ ಎಂದುಕೊಂಡಿದ್ದ. ಯಾರಿಗೂ ಮುಂಚೆ ಹೇಳಲಿಲ್ಲ. ಹೇಳಿದರೆ ಅದೆಂಥ ಪರೀಕ್ಷೆ?

ಹೆಂಡತಿ ಅಲಾರಂ ಹಾಕಿ ಕೆಲಸಕ್ಕೆ ಹೋದಳು. ಮಧ್ಯಾಹ್ನ ನಿದ್ದೆ ಮುಗಿಸಿದ ಅತ್ತೆ ನೀರು ಕುಡಿಯಲು ಹಜಾರ ದಾಟಿದಳು. ಫೋನು ಹೊಡೆದುಕೊಂಡಿತು.

"ಮಾನ್ಯ ಗ್ರಾಹಕರೇ, ನಮಸ್ಕಾರ..."

"ಏನೋ ಇದು ನಮಸ್ಕಾರ ಗಿಮಸ್ಕಾರ? ಊಟ ಆಯ್ತೇನೋ?"

"...ದಯವಿಟ್ಟು ಒಂದನ್ನು ಒತ್ತಿರಿ."

"ಒತ್ತೋದು ಆಮೇಲೆ. ಊಟ ಆಯ್ತಾ ಅಂದೆ."

"ಮಾನ್ಯ ಗ್ರಾಹಕರೇ, ನಮಸ್ಕಾರ..."

"ಯಾರನ್ನೋ ಗ್ರಾಹಕರು ಅಂತೀಯಾ? ಎತ್ತಿ ಆಡ್ಸಿ ಬೆಳೆಸಿದ್ದಕ್ಕೆ ಈಗ ನಾನು ಗ್ರಾಹಕಿ ಆದ್ನಾ? ಕೇಳಿದ್ದಕ್ಕೆ ಉತ್ತರ ಕೊಡಲ್ಲ, ತನ್ನ ಪಾಡಿಗೆ ತಾನು ಒತ್ತಿ ಒತ್ತಿ ಅಂತಾನೆ! ಏನು ಒತ್ಲಿ, ನಿನ್ನ ಕುತ್ತಿಗೆನಾ? ಬಾ ಸಾಯಂಕಾಲ ಮನೆಗೆ!"

ಅತ್ತೆ ಫೋನು ಕುಕ್ಕಿದಳು. ಮಷೀನಿಗೆ ಬೈಗುಳ ತಿಳಿಯುವುದಿಲ್ಲವಲ್ಲ, ಒಂದು ಬರಲಿಲ್ಲ ಎಂದು ಟೈಲರನಿಗೆ ಹೊಡೆಯಿತು. "ತಮ್ಮ ನಿವಾಸದಲ್ಲಿ ಅಪಾಯದ ಸೂಚನೆ" ಎಂದು ಕೆಳಗಿನ ಮನೆಯವನೇ ಫೋನ್ ಮಾಡಿ ಹೇಳಿದ ಮೇಲೆ ಟೈಲರ್ ತನ್ನ ನಿವಾಸದ ಬಗ್ಗೆ ಯೋಚಿಸದೆ ಪಕ್ಕಣ್ಣನ ನಿವಾಸದ ಬಗ್ಗೆ ಯೋಚಿಸುತ್ತಾನೆಯೇ? ಹೊಲಿಯುತ್ತಿದ್ದ ಪ್ಯಾಂಟನ್ನು ಹೆಗಲಿಗೆ ಹಾಕಿಕೊಂಡು, ಕತ್ತರಿ ಕೈಯಲ್ಲಿ ಹಿಡಿದು, "ಎಲ್ರೂ ಹೊರಗ್ ಬನ್ರೋ!" ಎಂದು ಕೂಗುತ್ತ ಮೆಟ್ಟಿಲಿಳಿದ. ಕಟ್ಟಡದ ಜನವೆಲ್ಲ ಬೀದಿಗೆ ಬಿದ್ದರು. ಪ್ಯಾಂಟಿನ ಯಜಮಾನ ಅಳತೆ ಕೊಡಲು ಬಂದವನು ಪಂಚೆಯಲ್ಲೇ ಓಡಿಬಂದ.

ಭಾವಮೈದ ಆಗ ಕಾರಿನಲ್ಲಿ ಒಬ್ಬ ಕಲಿಯುವವನಿಗೆ ಸ್ಟಿಯರಿಂಗ್ ಕೊಟ್ಟು ಕೂತಿದ್ದ. ಸ್ಪೀಕರಿನಲ್ಲಿ ಭಾವನ ಗಂಭೀರ ಧ್ವನಿ "ಅಪಾಯ... ಒಂದನ್ನು ಒತ್ತಿರಿ" ಅಂದಿತು. ಕಲಿಯುವವನ ಕಾಲ ಕೆಳಗೆ ಇದ್ದದ್ದು ಮೂರು ಪೆಡಲು. ಅವನು ಒಂದನ್ನು ಒತ್ತಿದ. ಒತ್ತಬೇಕಾದ್ದನ್ನಲ್ಲ. ಕಾರು ಸೀದಾ ಹೋಗಿ ಎಳನೀರಿನ ರಾಶಿಯೊಳಗೆ ಮೂಗು ತೂರಿಸಿ ನಿಂತಿತು.

ಕೊನೆಯದಾಗಿ ಠಾಣೆ. ಅಲ್ಲಿನ ದೊಡ್ಡ ಮೀಸೆಯ ಪೇದೆ ಫೋನೆತ್ತಿ, ಪೂರ್ತಿ ಕೇಳಿ, ಇನ್ನೊಮ್ಮೆ ಕೇಳಿ, ಕಂಟ್ರೋಲ್ ರೂಮಿಗೆ ತಿರುಗಿ ಹೊಡೆದ.

"ಯಾವನ್ರೀ ಅವನು, ಠಾಣೆಗೆ ಫೋನ್ ಮಾಡಿ ಪೊಲೀಸ್ರು ಸುರಕ್ಷಿತವಾಗಿದಾರಾ ಅಂತ ವಿಚಾರಿಸೋನು? ಇದುವರೆಗೂ ಸುರಕ್ಷಿತವಾಗೇ ಇದೀವಿ. ಅವನೂ ಸುರಕ್ಷಿತವಾಗಿದೀನಿ ಅಂತ ಹೇಳ್ಕೊಳ್ಳೋ ಹಾಗಿದ್ರೆ ಇನ್ನೊಂದ್ಸಲ ಫೋನ್ ಮಾಡ್ಲಿ!"

ಆವತ್ತು ಸಂಜೆ ಪಕ್ಕಣ್ಣನ ಹಜಾರದಲ್ಲಿ ಪಂಚಾಯಿತಿ ಕೂತಿತು. ಟೈಲರ್ ಕತ್ತರಿ ಮೇಜಿನ ಮೇಲಿಟ್ಟು, "ಮೆಟ್ಟಿಲಲ್ಲಿ ಜಾರಿ ಮಂಡಿ ತರಚಿತು, ಇರ್ಲಿ. ಆ ಪಂಚೆಯವರು ನನ್ನನ್ನ ಬಿಟ್ಟು ಬೇರೆ ಟೈಲರ್ ಹುಡುಕ್ತಾ ಇದಾರೆ" ಅಂದ. ಭಾವಮೈದ, "ಭಾವ, ಮೂರ್ ತಿಂಗಳಿಂದ ಬ್ರೇಕ್ ಬ್ರೇಕ್ ಅಂತ ಹೇಳ್ಕೊಟ್ಟಿದ್ದು ನಿಮ್ಮ ಒಂದ್ ಮಾತಲ್ಲಿ ಹೋಯ್ತು" ಅಂದ. ಅತ್ತೆಯಂತೂ ಪಕ್ಕಣ್ಣನ ಕಡೆ ತಿರುಗಿಯೂ ನೋಡದೆ ಅವನ ಹೆಂಡತಿಗೆ ಹೇಳಿದಳು:

"ಗ್ರಾಹಕರು ತಟ್ಟೆ ಹಾಕಿದಾರೆ. ಬಂದು ತಿನ್ನೋಕೆ ಹೇಳಮ್ಮ, ನಿನ್ನ ಗಂಡಂಗೆ."

"ಅತ್ತೆ, ಅದು ನಾನಲ್ಲ, ಮಷೀನು. ನನ್ನ ಧ್ವನಿ ಮುದ್ರಿಸಿ ಇಟ್ಟಿದ್ದು."

"ಧ್ವನಿ ನಿಂದು, ಮಾತಾಡಿದ್ದು ನೀನಲ್ಲ. ಹಾಗಾದ್ರೆ ನಾನು ಬೈದಿದ್ದು ಯಾರಿಗೆ ತಾಗ್ತು?"

"ಯಾರಿಗೂ ಇಲ್ಲ ಅತ್ತೆ."

"ಅಷ್ಟು ಬೈಗುಳ ದಂಡವಾಯ್ತಲ್ಲೋ!" ಅತ್ತೆಗೆ ನಿಜವಾಗಿ ಹೊಟ್ಟೆ ಉರಿಯಿತು. "ಮನುಷ್ಯರ ಧ್ವನಿ ಕೇಳಿದ್ರೆ ಮಾತಾಡ್ಬೇಕು. ಗುಂಡಿ ಒತ್ತೋದು ಲಿಫ್ಟಲ್ಲಿ. ನಾನು ಒತ್ತಲ್ಲ, ಹೇಳಿಟ್ಟಿದೀನಿ."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದರು. ಪಕ್ಕಣ್ಣ ಮರುದಿನ ಬೆಳಿಗ್ಗೆ ಇನ್ನೂ ಬೇಗ ಹೋದ. ಠಾಣೆಯ ಚೌಕಕ್ಕೆ ಗುರುತು ಹಾಕಿದ. ಅತ್ತೆಗೆ ಹೋಗುವ ಮಾತಿನಿಂದ "ಮಾನ್ಯ ಗ್ರಾಹಕರೇ" ಕತ್ತರಿಸಿದ. ಟೈಲರನಿಗೆ ಬೇರೆ ಮಾತು, ಠಾಣೆಗೆ ಬೇರೆ ಮಾತು ಮುದ್ರಿಸಿದ. ಪೇದೆಯ ಹತ್ತಿರ ಹೋಗಿ ಕೈಮುಗಿದು ಬಂದ. ಟೈಲರನನ್ನು ಕೂರಿಸಿಕೊಂಡು ಒಂದು ಒತ್ತುವುದನ್ನು ಕಲಿಸಿದ. ದಿನಕ್ಕೊಂದು ಸಲ ಮನೆಯ ಅಲಾರಂ ಹೊಡೆಸಿದ. ಪ್ರತಿಸಲವೂ ಅತ್ತೆ ಬೈದಳು, ಪ್ರತಿಸಲವೂ ಟೈಲರ್ ಒತ್ತಿದ. ಅತ್ತೆಯ ಬೈಗುಳ ಮಾತ್ರ ದಿನದಿಂದ ದಿನಕ್ಕೆ ಕಳೆಗಟ್ಟುತ್ತ ಹೋಯಿತು. ಮಷೀನು ಎದುರು ಮಾತಾಡದೆ ಕೇಳಿಸಿಕೊಳ್ಳುತ್ತಿತ್ತು ನೋಡಿ, ಅಂಥ ಕಿವಿ ಆ ಮನೆಯಲ್ಲಿ ಅವಳಿಗೆ ಎಲ್ಲಿ ಸಿಕ್ಕಬೇಕು? ಗುರುವಾರ ಫೋನು ಸ್ವಲ್ಪ ತಡವಾದದ್ದಕ್ಕೆ "ಇವತ್ತು ಯಾಕೆ ಇನ್ನೂ ಬರ್ಲಿಲ್ಲ" ಎಂದು ಸೊಸೆಯ ಕೆಲಸದ ಜಾಗಕ್ಕೇ ಫೋನ್ ಮಾಡಿ ಕೇಳಿದಳಂತೆ.

ಫೋನಿನಲ್ಲಿ ಆಡಿದ್ದೆಲ್ಲ ಕಂಟ್ರೋಲ್ ರೂಮಿನಲ್ಲಿ ಮುದ್ರಣವಾಗುತ್ತದೆ. ಪಕ್ಕಣ್ಣ ಹೆಡ್‌ಫೋನು ಹಾಕಿಕೊಂಡು ಅತ್ತೆಯ ಬೈಗುಳಗಳನ್ನೂ, ಆಪರೇಟರುಗಳು ಹಿಂದೆ ಮಾಡಿದ್ದ ಹಳೆಯ ಕರೆಗಳನ್ನೂ ಒಂದರ ಮೇಲೊಂದು ಕೇಳಿದ. ಹಲ್ಲಿಯಿಂದ ಅಲಾರಂ ಆದ ಬೇಕರಿಯವನು ಬೈದಿದ್ದ. ಮಲಗಿದ್ದಲ್ಲಿಂದ ಎಬ್ಬಿಸಿದ್ದಕ್ಕೆ ಪುಸ್ತಕದ ಅಂಗಡಿಯವಳು ಬೈದಿದ್ದಳು. ನಿಜವಾಗಿ ಬೀಗ ಒಡೆದಿದ್ದ ಔಷಧಿ ಅಂಗಡಿಯವನೊಬ್ಬ ಮಾತ್ರ ಬೈದಿರಲಿಲ್ಲ. "ಹಾಂ... ಹಾಂ ಸರ್... ಬೇಗ ಬನ್ನಿ" ಎಂದಿದ್ದ ಪಾಪ.

ಪಕ್ಕಣ್ಣ ಕುರ್ಚಿಯಿಂದ ಎದ್ದು ನಿಂತ.

"ಬೈಯೋರು ಕ್ಷೇಮವಾಗಿರ್ತಾರೆ!"

"ಏನಂದ್ರಿ?" ಎಂದಳು ಆಪರೇಟರಮ್ಮ.

"ಬೆಂಕಿ ಬಿದ್ದೋನು ಬೈತಾ ಕೂರಲ್ಲ. ಕಳ್ಳ ಎದುರಿಗೆ ಇದ್ರೆ ಯಾರೂ ಬೈಯಲ್ಲ. ಬಾಯ್ತುಂಬ ಬೈದ್ರು ಅಂದ್ರೆ ಏನೂ ಆಗಿಲ್ಲ ಅಂತಲೇ ಅರ್ಥ. ಪಕ್ಕಾ!"

"ಹಾಗಾದ್ರೆ ಈ ಊರಲ್ಲಿ ಎಲ್ರಿಗಿಂತ ಕ್ಷೇಮವಾಗಿರೋರು ನಮ್ಮ ಮ್ಯಾನೇಜರ್ರು."

ಅವಳು ನಕ್ಕಳು, ಅವನು ನಗಲಿಲ್ಲ. ಪರದೆಯ ಮೇಲಿನ ಆ ಪೊದೆಯ ನಡುವೆ ಹೊಸದೊಂದು ಚೌಕ ಬಿಡಿಸಿ ಒಳಗೆ ಬರೆದ: "ಬೈಗುಳ ಬಂದರೆ ಕ್ಷೇಮ. ಇಲ್ಲದಿದ್ದರೆ ಮನುಷ್ಯರು ವಿಚಾರಿಸುವುದು." ಶುಕ್ರವಾರ ಮ್ಯಾನೇಜರ್ ಅದನ್ನು ನೋಡಿ ಹಣೆ ಚಚ್ಚಿಕೊಂಡರು.

"ನಮ್ಮ ಗ್ರಾಹಕರು ನಮಗೆ ಬೈತಾರೆ ಅಂತ ನಾವೇ ಬೋರ್ಡ್ ಹಾಕ್ಕೊಳ್ಳೋಣ್ವಾ? ತೆಗೀರಿ ಅದನ್ನ. ಒಂದು ಒತ್ತಿದ್ರೆ ಕ್ಷೇಮ, ಒತ್ತದಿದ್ರೆ ಮುಂದಿನೋರಿಗೆ ಫೋನು. ಮುಗೀತು."

"ಸರ್, ಮಷೀನಿಗೆ ಎತ್ತು ಕರು ಹಾಕ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನತ್ತೆ. ಯಾರಾದ್ರೂ ಒತ್ತಿದ್ರೆ ಸಾಕಾ? ಯಾಕೆ ಒತ್ತಿದ್ರು ಅಂತ..."

"ತೆಗೀರಿ ಅಂದೆ."

ತೆಗೆದ. ಪಾಪ, ಅವನ ಮುಖ ನೋಡಬೇಕಿತ್ತು.

ಶನಿವಾರ ಬಂತು. ಅಂಗಡಿಯವರ ಸಂಘದ ಅಧ್ಯಕ್ಷೆ ಎಂದರೆ ಹಾರ್ಡ್‌ವೇರ್ ಅಂಗಡಿಯ ಯಜಮಾನಿ. ಮೊಳೆ, ಚಿಲಕ, ಬೀಗಗಳ ನಡುವೆ ಬದುಕಿದವಳು, ನಗುವನ್ನೂ ತೂಕ ಹಾಕಿಯೇ ಕೊಡುವವಳು. ಕುರ್ಚಿಯ ತುದಿಯಲ್ಲಿ ಕೂತು, "ಕಾಫಿ ಆಮೇಲೆ, ಮೊದಲು ತೋರ್ಸಿ" ಅಂದಳು. ಪಕ್ಕಣ್ಣನ ಲೆಕ್ಕ ಸರಿಯಾಗಿಯೇ ಇತ್ತು. ಅತ್ತೆ ಬೈಯುತ್ತಾಳೆ, ಒತ್ತುವುದಿಲ್ಲ. ಮಷೀನು ಟೈಲರನಿಗೆ ಹೋಗುತ್ತದೆ, ಟೈಲರ್ ಕೆಳಗಿಳಿದು ನೋಡಿ ಒತ್ತುತ್ತಾನೆ. ಮೊದಲ ಫೋನು ವಿಫಲವಾದರೆ ಎರಡನೆಯದು ಹೇಗೆ ಹೋಗುತ್ತದೆ ಎಂದು ತೋರಿಸಿದಂತೆಯೂ ಆಯಿತು. ಅತ್ತೆ ಬೈಯುವಾಗ ಸ್ಪೀಕರಿನ ಸದ್ದು ಕೊಂಚ ತಗ್ಗಿಸಲು ಮ್ಯಾನೇಜರ್ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ನಿಂತಿದ್ದರು.

ಪರದೆಯ ಮೇಲೆ ಪಕ್ಕಣ್ಣನ ಮನೆ ಕೆಂಪಗಾಯಿತು. ಫೋನು ಹೋಯಿತು. ಆ ಕಡೆ ಎತ್ತಿದರು.

"ನಮಸ್ಕಾರ. ತಮ್ಮ ನಿವಾಸದಲ್ಲಿ ಅಪಾಯದ ಸೂಚನೆ ದೊರೆತಿದೆ..."

ಆ ಕಡೆ ಸದ್ದಿಲ್ಲ. ಊಟ ಆಯ್ತಾ ಇಲ್ಲ, ಏನೋ ಎತ್ತ ಇಲ್ಲ, ಕಡೆಗೆ ಒಂದು ಹಲೋ ಕೂಡ ಇಲ್ಲ.

"...ದಯವಿಟ್ಟು ಒಂದನ್ನು ಒತ್ತಿರಿ."

ಟುಂಯ್.

ಪರದೆ ಹಸಿರಾಯಿತು. "ಕ್ಷೇಮ. ಮುಕ್ತಾಯ" ಎಂದು ದೊಡ್ಡದಾಗಿ ಬಂತು. ಮ್ಯಾನೇಜರ್ ಚಪ್ಪಾಳೆ ತಟ್ಟಿದರು. ಆಪರೇಟರುಗಳೂ ತಟ್ಟಿದರು. ಯಜಮಾನಿ ಕಾಲು ತೂಕದಷ್ಟು ನಕ್ಕಳು.

ಪಕ್ಕಣ್ಣ ಮಾತ್ರ ಬಿಳಿಚಿಕೊಂಡಿದ್ದ.

"ಸರ್, ಅತ್ತೆ ಒಂದು ಒತ್ತಿದ್ಲು."

"ಹೌದು ಕಣ್ರೀ, ಅದಕ್ಕೇ ಚಪ್ಪಾಳೆ!"

"ಅತ್ತೆ ಒತ್ತಲ್ಲ ಸರ್. ಜಗತ್ತೇ ತಲೆಕೆಳಗಾದ್ರೂ ಒತ್ತಲ್ಲ. ಬಾಯಿ ಕೂಡ ಬಿಡ್ಲಿಲ್ಲ. ಏನೋ ಆಗಿದೆ. ಯಾರೋ ಮನೇಲಿದಾರೆ!"

"ಏನೂ ಆಗಿಲ್ಲ, ಮಷೀನೇ ಹೇಳ್ತಿದೆಯಲ್ಲ ಕ್ಷೇಮ ಅಂತ."

ಪಕ್ಕಣ್ಣ ತಾನೇ ಮನೆಗೆ ಫೋನ್ ಮಾಡಿದ. ಬ್ಯುಸಿ. ಮತ್ತೆ ಮಾಡಿದ. ಬ್ಯುಸಿ. ಎಲ್ಲವನ್ನೂ ಒಟ್ಟಿಗೆ ಕಳಿಸುವ ಕೆಂಪು ಗುಂಡಿಯೊಂದು ಮೇಜಿನ ಮೇಲಿತ್ತು, ಜೀಪು, ಕೀಲಿಯವರು, ಠಾಣೆ, ಎಲ್ಲ. ಅವನ ಕೈ ಅತ್ತ ಹೋದದ್ದನ್ನು ಕಂಡು ಮ್ಯಾನೇಜರ್ ಹಲ್ಲು ಕಚ್ಚಿ ಪಿಸುಗುಟ್ಟಿದರು.

"ಎಲ್ಲ ಸರಿಯಾಗಿದೆ, ಅವರು ಒಪ್ಪಿಬಿಟ್ಟಿದಾರೆ. ಈಗ ಅದನ್ನ ಮುಟ್ಟಿದ್ರೆ ನಿಮ್ಮ ಕೆಲಸ ಹೋಗತ್ತೆ!"

"ಹೋಗ್ಲಿ ಸರ್," ಅಂದ ಪಕ್ಕಣ್ಣ. "ಇರೋದು ಒಬ್ಬಳು ಅತ್ತೆ." ಮತ್ತು ಒತ್ತಿದ.

ಗಸ್ತಿನ ಗಾರ್ಡಿನ ಎದೆಗೆ ಸಿಕ್ಕಿಸಿದ್ದ ಕ್ಯಾಮೆರಾದ ಚಿತ್ರ ದೊಡ್ಡ ಪರದೆಯ ಮೇಲೆ ಕುಣಿಯತೊಡಗಿತು. ಜೀಪು ನಿಂತಿತು. ಬಾಗಿಲಲ್ಲಿ ಆಗಲೇ ಟೈಲರ್ ಕತ್ತರಿ ಹಿಡಿದು ನಿಂತಿದ್ದ. ಡ್ರೈವಿಂಗ್ ಶಾಲೆಯ ಕಾರು ತಿರುವಿನಲ್ಲಿ ಬಂದು, ಈ ಸಲ ಸರಿಯಾದದ್ದನ್ನೇ ಒತ್ತಿ, ನಿಂತಿತು. ಹಿಂದೆಯೇ ದೊಡ್ಡ ಮೀಸೆಯ ಪೇದೆ ಬೈಕಿನಿಂದ ಇಳಿದ. ಬೀದಿಯಲ್ಲಿ ಕಿಟಕಿಗೊಂದು ತಲೆ. ಬಾಗಿಲು ಬಡಿದರು. ಬಾಗಿಲು ತೆರೆಯಿತು. ಅತ್ತೆ ನಿಂತಿದ್ದಳು, ಮೂಗಿನ ಮೇಲೆ ಕನ್ನಡಕ, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಟಿವಿ ರಿಮೋಟು.

ಗಾರ್ಡು ದನಿ ತಗ್ಗಿಸಿ ಕೇಳಿದ: "ಅಮ್ಮಾ, ಒಳಗೆ ಯಾರಾದ್ರೂ ನಿಮ್ಮನ್ನ ಹೆದರಿಸ್ತಾ ಇದಾರಾ? ಹೌದು ಅಂದ್ರೆ ಸುಮ್ನೆ ಕಣ್ಣು ಮಿಟುಕಿಸಿ ಸಾಕು."

ಕಂಟ್ರೋಲ್ ರೂಮಿನಲ್ಲಿ ಎಲ್ಲರೂ ಪರದೆಯತ್ತ ಬಾಗಿದರು.

"ಥೂ ನಿನ್ನ!" ಎಂದಿತು ಪರದೆ. "ಅಜ್ಜಿ ವಯಸ್ಸಿನೋಳ ಬಾಗಿಲಿಗೆ ಬಂದು ಕಣ್ಣು ಮಿಟುಕಿಸು ಅಂತೀಯಾ? ನಾಚಿಕೆ ಆಗಲ್ವಾ? ಯಾರೋ ನೀವೆಲ್ಲ? ಏಯ್ ಟೈಲರ್, ಆ ಕತ್ತರಿ ಆ ಕಡೆ ಹಿಡಿಯೋ, ಯಾರ ಕಣ್ಣಿಗಾದ್ರೂ ಚುಚ್ಚೀಯಾ! ಏನಾಗಿದೆ ನಿಮಗೆಲ್ಲ?"

"ನೀವು ಒಂದು ಒತ್ತಿಬಿಟ್ರಿ ಅಂತ, ಅತ್ತೆ..." ಎಂದ ಭಾವಮೈದ.

"ಒತ್ತದಿದ್ರೂ ತಪ್ಪು, ಒತ್ತಿದ್ರೂ ತಪ್ಪಾ? ಇವತ್ತು ಒತ್ತದಿದ್ರೆ ನಮ್ಮ ಹುಡುಗನ ಕೆಲಸ ಹೋಗತ್ತೆ ಅಂತ ಅವನ ಹೆಂಡ್ತಿ ನಿನ್ನೆ ಕಣ್ಣೀರು ಹಾಕಿದ್ಲು. ಅದಕ್ಕೇ ಬೆಳಿಗ್ಗೆಯಿಂದ ಈ ರಿಮೋಟ್ ಮೇಲೆ ಒತ್ತಿ ಒತ್ತಿ ಕಲಿತಿದೀನಿ, ಟಿವಿಲಿ ಏನೇನೋ ಬಂತು. ಬಾಯ್ಬಿಟ್ರೆ ಬೈಗುಳ ಬಂದ್ಬಿಡತ್ತೆ ಅಂತ ಬಾಯಿಗೆ ಸೆರಗು ತುರುಕ್ಕೊಂಡು ಒತ್ತಿದೀನ್ರೋ! ಒತ್ತಿಬಿಟ್ಟೆ ಅಂತ ಅವಳಿಗೆ ಫೋನ್ ಮಾಡಿ ಹೇಳ್ತಾ ಇದ್ರೆ ದಂಡು ಕಟ್ಕೊಂಡು ಬಂದಿದೀರಲ್ಲ, ನಿಮ್ಮ ತಲೆಗಿಷ್ಟು! ಎಲ್ಲಿ ಅವನು? ಇದೇನೋ ಎದೆ ಮೇಲೆ, ಕ್ಯಾಮೆರಾನಾ? ಕೇಳ್ತಾ ಇದೀಯೇನೋ? ಒಂದು ಕೆಲಸ ನೆಟ್ಟಗೆ ಮಾಡೋಕೆ ಬಿಡಲ್ವಲ್ಲೋ! ನಿನ್ನ ಕೆಲಸ ಉಳಿಸೋಕೆ ನಾನು ಬಾಯಿ ಮುಚ್ಚಿದೀನಿ, ಹುಟ್ಟಿದಾಗಿಂದ ಮೊದಲ್ನೇ ಸಲ..."

ಅದು ಹಾಗೇ ಮುಂದುವರಿಯಿತು. ಪೇದೆ ಟೋಪಿ ತೆಗೆದು ಕೇಳಿಸಿಕೊಂಡ. ಮ್ಯಾನೇಜರ್ ಸದ್ದು ತಗ್ಗಿಸುವುದನ್ನೇ ಮರೆತು ಗೋಡೆಗೊರಗಿದ್ದರು. ಪಕ್ಕಣ್ಣ ಕುರ್ಚಿಯಲ್ಲಿ ಕುಸಿದು, ಎರಡೂ ಕೈಯಿಂದ ಮುಖ ಒರೆಸಿಕೊಂಡ. ಕಣ್ಣಲ್ಲಿ ನೀರು ಬಂದಿತ್ತು, ಅವನು ಮುಚ್ಚಿಟ್ಟುಕೊಳ್ಳಲೂ ಇಲ್ಲ.

"ಬೈತಾ ಇದಾಳೆ ಸರ್," ಅಂದ. "ಕ್ಷೇಮ."

ಮ್ಯಾನೇಜರ್ ಯಜಮಾನಿಯ ಕಡೆ ತಿರುಗಿ ಕೈ ಹೊಸೆದರು. "ಕ್ಷಮಿಸಿ ಮೇಡಂ. ಇವರನ್ನ ಇವತ್ತೇ ಮನೆಗೆ ಕಳಿಸ್ತೀನಿ. ಮಷೀನು ಸರಿಯಾಗೇ ಇತ್ತು, ಇವರೇ..."

"ಮಷೀನು ಒಂದು ಒತ್ತಿದ್ದನ್ನ ನಂಬಿಬಿಡ್ತು," ಎಂದಳು ಯಜಮಾನಿ. "ಇವರು ನಂಬ್ಲಿಲ್ಲ. ನನ್ನ ಗೋದಾಮಿನ ಕಾವಲಿನೋನ ಕುತ್ತಿಗೆಗೆ ಯಾರಾದ್ರೂ ಚಾಕು ಇಟ್ಟು ಒಂದು ಒತ್ತು ಅಂದ್ರೆ ಅವನು ಒತ್ತಲ್ವಾ? ಬೇಕಾದ್ರೆ ಎರಡು ಸಲ ಒತ್ತಾನು. ಆಮೇಲೆ ನಿಮ್ಮ ಮಷೀನು ಕ್ಷೇಮ ಅಂತ ಹಸಿರು ದೀಪ ಹಾಕತ್ತೆ, ನೀವು ಚಪ್ಪಾಳೆ ತಟ್ತೀರಿ."

ಯಜಮಾನಿ ಪಕ್ಕಣ್ಣನ ಕಡೆ ತಿರುಗಿದಳು.

"ಯಾವ ಮನೇಲಿ ಯಾರು ಹೇಗೆ ಮಾತಾಡ್ತಾರೆ ಅಂತ ಗೊತ್ತಿರೋ ಮನುಷ್ಯ ಮಷೀನಿನ ಪಕ್ಕದಲ್ಲಿ ಕೂತಿರ್ಬೇಕು. ಇವರು ಕೂತಿರೋದಾದ್ರೆ ನಮ್ಮ ಸಂಘ ಒಪ್ಪತ್ತೆ. ಇನ್ನೊಂದು ಮಾತು. ಈ ನಮಸ್ಕಾರ, ನಿವಾಸ, ದೊರೆತಿದೆ, ಇದೆಲ್ಲ ಬೇಡ. ಕೇಳಿದ್ರೆ ಆಕಳಿಕೆ ಬರತ್ತೆ. ಧ್ವನಿ ಬೇಕಾದ್ರೆ..." ಅವಳು ಪರದೆಯತ್ತ ಬೆರಳು ಮಾಡಿದಳು. ಅಲ್ಲಿ ಅತ್ತೆ ಪೇದೆಗೆ ಮೀಸೆ ಕತ್ತರಿಸುವ ವಿಚಾರದಲ್ಲಿ ಬುದ್ಧಿ ಹೇಳುತ್ತಿದ್ದಳು. "ಆ ಅಮ್ಮಂದು ಹಾಕಿ."

ಹೀಗೆ ಪಕ್ಕಣ್ಣನ ಕೆಲಸ ಉಳಿಯಿತು, ಧ್ವನಿ ಹೋಯಿತು. ಅಳಿಸಿದ್ದ ಚೌಕವನ್ನು ಮ್ಯಾನೇಜರ್ ತಾವೇ ನಿಂತು ಮತ್ತೆ ಬರೆಸಿದರು, ಆಮೇಲೆ ಬಂದವರಿಗೆಲ್ಲ ಅದು ತಮ್ಮದೇ ಯೋಚನೆ ಎಂದು ತೋರಿಸಿದರು. ಅತ್ತೆಯ ಧ್ವನಿಯನ್ನು ಮನೆಯ ಅಡುಗೆಮನೆಯಲ್ಲೇ ಮುದ್ರಿಸಿಕೊಂಡರು. ಬರೆದುಕೊಟ್ಟದ್ದನ್ನು ಅವಳು ಓದಲಿಲ್ಲ, ತನಗೆ ತೋಚಿದ್ದು ಹೇಳಿದಳು:

"ಏನ್ರೀ, ನಿಮ್ಮಲ್ಲಿ ಅಲಾರಂ ಬಂದಿದೆ, ಗೊತ್ತಾಯ್ತಾ? ಚೆನ್ನಾಗಿದ್ರೆ ಒಂದು ಒತ್ತಿ. ಇಲ್ಲಾಂದ್ರೆ ಬಾಯ್ಬಿಟ್ಟು ಹೇಳಿ, ಬರ್ತೀವಿ. ಸುಮ್ನೆ ಹಿಡ್ಕೊಂಡು ನಿಂತ್ಕೋಬೇಡಿ!"

ಅದರ ಪ್ರತಾಪವನ್ನು ಏನೆಂದು ಹೇಳಲಿ? "ಏನ್ರೀ" ಮುಗಿಯುವಷ್ಟರಲ್ಲೇ ಜನ ಒತ್ತತೊಡಗಿದರು. ಬೇಕರಿಯವನು ಒತ್ತಿದ ಮೇಲೂ "ತಪ್ಪಾಯ್ತಮ್ಮ, ಹಲ್ಲಿ ಓಡಿಸ್ತೀನಿ" ಅಂದ. ಸಂಘದ ಅಂಗಡಿಯವರು ಅಲಾರಂ ಆರಿಸುವುದನ್ನು ಮರೆಯುವುದನ್ನೇ ನಿಲ್ಲಿಸಿದರು. ಜೀಪಿನ ಗಾರ್ಡಿಗೆ ಕೆಲಸ ಕಡಿಮೆಯಾಗಿ ಮೈ ಬಂತು.

ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ ಪಕ್ಕಣ್ಣನ ಮನೆಯೇ ಕೆಂಪಗಾಯಿತು. ಸೆನ್ಸರ್ ಎದುರಿಗೆ ಒಣಹಾಕಿದ ಸೀರೆ ಫ್ಯಾನಿನ ಗಾಳಿಗೆ ಅಲುಗಿತ್ತು. ಮಷೀನು ಮನೆಗೆ ಫೋನ್ ಮಾಡಿತು. ಪಕ್ಕಣ್ಣ ಹೆಡ್‌ಫೋನು ಕಿವಿಗೆ ಒತ್ತಿಕೊಂಡ.

"ಏನ್ರೀ, ನಿಮ್ಮಲ್ಲಿ ಅಲಾರಂ ಬಂದಿದೆ, ಗೊತ್ತಾಯ್ತಾ?"

"ಯಾರೇ ಅದು?" ಎಂದಳು ಅತ್ತೆ. "ಹೆಣ್ಣೆಂಗಸಾಗಿ ಇದೇನೇ ಮಾತಾಡೋ ರೀತಿ?"

"ಚೆನ್ನಾಗಿದ್ರೆ ಒಂದು ಒತ್ತಿ. ಇಲ್ಲಾಂದ್ರೆ ಬಾಯ್ಬಿಟ್ಟು ಹೇಳಿ..."

"ಬಾಯ್ಬಿಡು ಅಂತ ನನಗೆ ಹೇಳ್ತೀಯಾ? ನನಗೆ? ಎಂಥ ಗಯ್ಯಾಳಿಯೇ ನೀನು! ಹೆತ್ತೋರು ಬುದ್ಧಿ ಕಲಿಸ್ಲಿಲ್ವಾ? ಒತ್ತಲ್ಲ ಹೋಗು, ಏನ್ ಮಾಡ್ಕೋತೀಯೋ ಮಾಡ್ಕೋ!"

"ಸುಮ್ನೆ ಹಿಡ್ಕೊಂಡು ನಿಂತ್ಕೋಬೇಡಿ!"

"ಅಬ್ಬಬ್ಬಾ, ಎದುರುತ್ತರ ಬೇರೆ!" ಪಕ್ಕಣ್ಣ ಗುಂಡಿ ಒತ್ತಿದ, ಪರದೆಯ ಮೇಲೆ "ಬೈಗುಳ ಬಂತು, ಕ್ಷೇಮ" ಎಂದು ಹಸಿರು ದೀಪ ಹತ್ತಿತು. ಅತ್ತೆ ಇನ್ನೂ ಮುಗಿಸಿರಲಿಲ್ಲ. "ನಮ್ಮ ಹುಡುಗ ಅಲ್ಲೇ ದೊಡ್ಡ ಕೆಲಸದಲ್ಲಿದಾನೆ ಕಣೇ. ಸಾಯಂಕಾಲ ಬರ್ಲಿ, ಹೇಳಿ ನಿನ್ನ ಕೆಲಸ ತೆಗೆಸ್ತೀನಿ. ಪಕ್ಕಾ!"